ಶಾಲೆಯಲ್ಲಿ ‘ಏನೂ ತೊಂದರೆಯಿಲ್ಲದ’ ಮಗುವಿಗೆ ನೆರವು ಕೇಳುವುದು ಹೇಗೆ?

ಪ್ರಶ್ನೆ: ತುಂಗಾತೀರ (ಶಿವಮೊಗ್ಗ)

ನನ್ನ ಮಗಳಿಗೆ ಏಳು ವರ್ಷ. ಊರಿನ ಒಂದು ಖಾಸಗಿ ಅನುದಾನರಹಿತ ಶಾಲೆಯಲ್ಲಿ ಎರಡನೆಯ ತರಗತಿ ಓದುತ್ತಿದ್ದಾಳೆ. ಕಳೆದ ವರ್ಷ ಮಕ್ಕಳ ಮನೋವೈದ್ಯರೂ ಕ್ಲಿನಿಕಲ್ ಸೈಕಾಲಜಿಸ್ಟರೂ ಪರೀಕ್ಷಿಸಿ ಆಟಿಸಂ (ಇತರರೊಡನೆ ಬೆರೆಯುವ, ಸದ್ದು-ಬದಲಾವಣೆಗಳಿಗೆ ಸ್ಪಂದಿಸುವ ರೀತಿ ಬೇರೆಯಾಗಿರುವ ಬೆಳವಣಿಗೆಯ ಸ್ಥಿತಿ) ಇದೆಯೆಂದು ವರದಿ ಕೊಟ್ಟಿದ್ದಾರೆ. ಬುದ್ಧಿಶಕ್ತಿಯಲ್ಲಿ ಕೊರತೆಯಿಲ್ಲ, ಮಾತು ಸ್ಪಷ್ಟವಾಗಿದೆ, ಓದುವುದರಲ್ಲಿ ತರಗತಿಗಿಂತ ಮುಂದಿದ್ದಾಳೆ.

ಶಾಲೆಯವರ ದೃಷ್ಟಿಯಲ್ಲಿ ಅವಳು ಮಾದರಿ ವಿದ್ಯಾರ್ಥಿನಿ. ಗಲಾಟೆಯಿಲ್ಲ, ಅಕ್ಷರ ದುಂಡಗಿದೆ, ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡುತ್ತಾಳೆ. ಆದರೆ ಸಂಜೆ ವ್ಯಾನಿನಿಂದ ಇಳಿದು ಬಾಗಿಲು ದಾಟಿದ ಕೂಡಲೇ ಬೂಟು ಒಂದು ಕಡೆ, ಸಮವಸ್ತ್ರ ಒಂದು ಕಡೆ ಎಸೆದು, ಮಂಚದ ಕೆಳಗೆ ಸೇರಿಕೊಂಡು ಕಿರುಚುತ್ತಾಳೆ. ತಮ್ಮನು ಹತ್ತಿರ ಬಂದರೆ ಹೊಡೆಯುತ್ತಾಳೆ. ಇಂಥ ಸಂಜೆಗಳಲ್ಲಿ ರಾತ್ರಿ ಊಟಕ್ಕೂ ಏಳುವುದಿಲ್ಲ. ಊಟದ ಡಬ್ಬಿ ಹೋದಷ್ಟೇ ತುಂಬಿ ವಾಪಸ್ಸು ಬರುತ್ತದೆ. ನೀರಿನ ಬಾಟಲಿಯದೂ ಅದೇ ಕಥೆ. ದಿನವಿಡೀ ಶೌಚಾಲಯಕ್ಕೆ ಹೋಗುವುದಿಲ್ಲ. ಭಾನುವಾರ ಸಂಜೆಯಾದರೆ ಹೊಟ್ಟೆನೋವು ಶುರು. ದಸರಾ ರಜೆಯಲ್ಲಿ ಇವು ಯಾವುವೂ ಇರಲಿಲ್ಲ.

ಇದನ್ನು ತರಗತಿಯ ಶಿಕ್ಷಕಿಗೆ ಹೇಳಿದಾಗ, ‘ನಮ್ಮಲ್ಲಿ ಎಲ್ಲ ಸರಿಯಾಗಿದೆ, ಮನೆಯ ವಾತಾವರಣವನ್ನು ಸ್ವಲ್ಪ ನೋಡಿಕೊಳ್ಳಿ’ ಎಂಬ ಉತ್ತರ ಬಂದಿತು. ಮುಖ್ಯೋಪಾಧ್ಯಾಯರು, ನೆರವು ಬೇಕಿದ್ದರೆ ಅಂಗವೈಕಲ್ಯ ಪ್ರಮಾಣಪತ್ರ ತನ್ನಿ ಎಂದರು. ನಮ್ಮ ಅತ್ತೆಯವರಿಗೂ ಇದು ಅತಿಯಾದ ಸಲುಗೆಯ ಫಲವೆಂದೇ ಅನಿಸಿದೆ. ಕಾಣಿಸದ ಕಷ್ಟವನ್ನು ಶಾಲೆಗೆ ಕಾಣಿಸುವುದು ಹೇಗೆ? ಏನೆಂದು ಕೇಳಿಕೊಳ್ಳಬೇಕು? ಪ್ರಮಾಣಪತ್ರವಿಲ್ಲದೆ ಶಾಲೆಯು ಏನನ್ನೂ ಮಾಡಬೇಕಾಗಿಲ್ಲವೆ? ಅನುಭವವಿದ್ದವರು ದಯವಿಟ್ಟು ತಿಳಿಸಬೇಕು.

ಉತ್ತರ: ವಿಶೇಷ ಶಿಕ್ಷಕಿ (ಮೈಸೂರು)

ಶಾಲೆಯವರು ಸುಳ್ಳು ಹೇಳುತ್ತಿದ್ದಾರೆ ಎಂದು ಭಾವಿಸಬೇಡಿ. ಅವರಿಗೆ ಕಾಣುವುದು ಅಷ್ಟೇ. ಅಮೆರಿಕದ ಮನೋವೈದ್ಯರ ಸಂಘವು 2013ರಲ್ಲಿ ಪ್ರಕಟಿಸಿದ ಡಿಎಸ್‌ಎಂ-5 ಎಂಬ ರೋಗನಿರ್ಣಯ ಕೈಪಿಡಿಯ ಆಟಿಸಂ ಮಾನದಂಡಗಳಲ್ಲಿಯೇ, ಲಕ್ಷಣಗಳು ಎಳವೆಯಿಂದ ಇದ್ದರೂ ಸಾಮಾಜಿಕ ಬೇಡಿಕೆಗಳು ಮಗುವಿನ ಶಕ್ತಿಯನ್ನು ಮೀರುವವರೆಗೆ ಪೂರ್ತಿಯಾಗಿ ಪ್ರಕಟವಾಗದಿರಬಹುದು, ಕಲಿತುಕೊಂಡ ಉಪಾಯಗಳಿಂದ ಮುಂದೆ ಮರೆಯಾಗಲೂಬಹುದು ಎಂದು ಹೇಳಲಾಗಿದೆ. ನಿಮ್ಮ ಮಗಳ ವರದಿ ಬರೆದ ಸೈಕಾಲಜಿಸ್ಟರು ಈ ವಿಷಯವನ್ನು ಒಂದು ಪ್ಯಾರಾದಲ್ಲಿ ಶಾಲೆಗಾಗಿಯೇ ಬರೆದುಕೊಟ್ಟರೆ ನಿಮ್ಮ ಅರ್ಧ ವಾದ ಅಲ್ಲಿಗೇ ಮುಗಿಯುತ್ತದೆ.

ಈ ವಯಸ್ಸಿನ ಮಗು ತನ್ನ ಕಷ್ಟವನ್ನು ಯೋಜನೆ ಹಾಕಿ ಮರೆಮಾಚುವುದಿಲ್ಲ. ಶಿಕ್ಷಕಿ ‘ನಲವತ್ತೆರಡನೆಯ ಪುಟ ತೆಗೆಯಿರಿ’ ಎಂದಾಗ ಪಕ್ಕದ ಹುಡುಗಿ ತೆಗೆಯುವುದನ್ನು ನೋಡಿ ತಾನೂ ತೆಗೆಯುತ್ತದೆ. ಎಲ್ಲರೂ ನಕ್ಕಾಗ ಯಾಕೆಂದು ತಿಳಿಯದೆಯೇ ನಗುತ್ತದೆ. ತರಗತಿ ಒಕ್ಕೊರಲಿನಿಂದ ಉತ್ತರಿಸುವಾಗ ತುಟಿ ಅಲ್ಲಾಡಿಸುತ್ತದೆ. ಆಟದ ಬಿಡುವಿನಲ್ಲಿ ಗುಂಪಿನ ಅಂಚಿನಲ್ಲಿ ನಿಂತಿರುತ್ತದೆ, ಅಥವಾ ಶಿಕ್ಷಕಿಗೆ ಪುಸ್ತಕ ಹೊಂದಿಸಿಕೊಡುವ ನೆಪದಲ್ಲಿ ಒಳಗೇ ಉಳಿಯುತ್ತದೆ. ಕೈಗಳು ಡೆಸ್ಕಿನ ಕೆಳಗೆ ರಬ್ಬರನ್ನು ಪುಡಿ ಮಾಡುತ್ತಿರುತ್ತವೆ. ಇವು ಒಂದೊಂದೂ ತೀರಾ ಸಣ್ಣ ಸಂಗತಿಗಳು, ಆದರೆ ಬೆಳಗಿನ ಪ್ರಾರ್ಥನೆಯಿಂದ ಕೊನೆಯ ಗಂಟೆಯವರೆಗೆ ಎಡೆಬಿಡದೆ ನಡೆಯುತ್ತವೆ. ಸಂಜೆಯ ಕಿರುಚಾಟವನ್ನು ಆ ದುಡಿಮೆಯ ಬೆಲೆ ಎಂದೇ ತಿಳಿಯಿರಿ. ಸುಮ್ಮನೆ ಕುಳಿತ ಮಗುವೇ ಒಳ್ಳೆಯ ಮಗು ಎಂದು ನಂಬಿರುವ ನಮ್ಮ ತರಗತಿಗಳಲ್ಲಿ ಇಂಥ ಮಗುವಿಗೆ ಸಿಗುವುದು ಪ್ರಶಂಸೆ. ಆ ಪ್ರಶಂಸೆಯು ಇನ್ನಷ್ಟು ಮರೆಮಾಚುವುದಕ್ಕೆ ಕಾರಣವಾಗುತ್ತದೆ.

ಪುರಾವೆಯ ವಿಚಾರಕ್ಕೆ ಬರೋಣ. ಎರಡು ಮೂರು ವಾರ ಒಂದು ಪುಸ್ತಕದಲ್ಲಿ ದಿನಕ್ಕೆ ನಾಲ್ಕು ಸಾಲು ಬರೆಯಿರಿ: ಡಬ್ಬಿ ಮತ್ತು ಬಾಟಲಿಯಲ್ಲಿ ಎಷ್ಟು ಉಳಿದಿತ್ತು, ಮನೆಗೆ ಬಂದ ಮೊದಲ ಒಂದು ಗಂಟೆ ಹೇಗಿತ್ತು, ರಾತ್ರಿ ನಿದ್ರೆ ಹೇಗಿತ್ತು, ಅಂದು ಶಾಲೆಯಲ್ಲಿ ವಾಡಿಕೆಗಿಂತ ಬೇರೆಯಾದದ್ದು ಏನು ನಡೆಯಿತು. ಪಿ.ಟಿ. ಇರುವ ದಿನ, ಬದಲಿ ಶಿಕ್ಷಕರು ಬಂದ ದಿನ, ವಾರ್ಷಿಕೋತ್ಸವದ ನೃತ್ಯಾಭ್ಯಾಸದ ದಿನ ಇವುಗಳಿಗೂ ಸಂಜೆಯ ಸ್ಥಿತಿಗೂ ನಂಟು ಇದೆಯೆ ಎಂಬುದು ಆಗ ಕಾಣುತ್ತದೆ. ರಜೆಯ ದಿನಗಳನ್ನೂ ಸೇರಿಸಿ. ಮನೆಯ ವಾತಾವರಣವೇ ಕಾರಣವಾಗಿದ್ದರೆ ದಿನವಿಡೀ ಮನೆಯಲ್ಲೇ ಇದ್ದ ರಜೆಯಲ್ಲಿ ಕಷ್ಟ ಹೆಚ್ಚಾಗಬೇಕಿತ್ತಲ್ಲವೆ?

ಶಿಕ್ಷಕಿಯನ್ನು ‘ಅವಳಿಗೆ ತೊಂದರೆ ಆಗುತ್ತಿದೆಯೆ?’ ಎಂದು ಕೇಳಿದರೆ ಇಲ್ಲವೆಂಬ ಉತ್ತರವೇ ಬರುತ್ತದೆ. ಬಿಡುವಿನಲ್ಲಿ ಯಾರ ಜೊತೆ ಇದ್ದಳು, ಅರ್ಥವಾಗದ್ದನ್ನು ತಾನಾಗಿ ಕೊನೆಯ ಬಾರಿ ಯಾವಾಗ ಕೇಳಿದಳು, ಊಟದ ಹೊತ್ತಿನಲ್ಲಿ ಎಷ್ಟು ತಿಂದಳು ಎಂದು ಕೇಳಿ. ಉತ್ತರ ಗೊತ್ತಿಲ್ಲದ ಶಿಕ್ಷಕಿ ಮರುದಿನದಿಂದ ಗಮನಿಸತೊಡಗುತ್ತಾರೆ.

ಇನ್ನು ನೆರವು. ‘ಬೇಕಾದಾಗ ಕೇಳು, ಕಳುಹಿಸುತ್ತೇನೆ’ ಎಂಬ ಒಪ್ಪಂದ ನಿಮ್ಮ ಮಗಳಂಥವರಿಗೆ ಕೆಲಸಕ್ಕೆ ಬಾರದು, ಏಕೆಂದರೆ ಕೇಳುವುದೇ ಅವಳಿಗೆ ಅತಿ ಕಷ್ಟದ ಕೆಲಸ. ಅವಳು ಕೇಳಲಿ, ಬಿಡಲಿ, ನೆರವು ವೇಳಾಪಟ್ಟಿಯಲ್ಲಿಯೇ ಇರಬೇಕು. ಎರಡನೆಯ ಪೀರಿಯಡ್ ಮುಗಿದ ಮೇಲೆ ಹಾಜರಿ ಪುಸ್ತಕವನ್ನು ಕಚೇರಿಗೆ ಮುಟ್ಟಿಸಿ ಬರುವ ಕೆಲಸ ದಿನವೂ ಅವಳದೇ ಆಗಲಿ; ಯಾರ ಗಮನಕ್ಕೂ ಬಾರದೆ ಐದು ನಿಮಿಷದ ಮೌನ ಅವಳಿಗೆ ದಕ್ಕುತ್ತದೆ. ಊಟವನ್ನು ಒಬ್ಬ ಗೆಳತಿಯ ಜೊತೆ ಗ್ರಂಥಾಲಯದಲ್ಲಿಯೋ ಖಾಲಿ ತರಗತಿಯಲ್ಲಿಯೋ ಮಾಡಲಿ. ಪ್ರಾರ್ಥನೆಯ ಸಾಲಿನಲ್ಲಿ ಧ್ವನಿವರ್ಧಕದಿಂದ ದೂರದ ತುದಿಯಲ್ಲಿ ನಿಲ್ಲಲಿ. ನಾಳೆ ಏನಾದರೂ ಬದಲಾಗುವುದಿದ್ದರೆ ಇಂದೇ ಡೈರಿಯಲ್ಲಿ ಒಂದು ಸಾಲು ಬರಲಿ. ಸದ್ಯಕ್ಕೆ ಶಾಲೆಯ ಮನೆಗೆಲಸವನ್ನು (ಹೋಂವರ್ಕ್) ಅರ್ಧಕ್ಕೆ ಇಳಿಸಲಿ.

ಉತ್ತರ: ಒಬ್ಬ ತಂದೆ (ಬೆಂಗಳೂರು)

ನನ್ನ ಮಗನ ವಿಚಾರದಲ್ಲಿ ಕಾನೂನನ್ನು ಓದಬೇಕಾಗಿ ಬಂದದ್ದರಿಂದ ಪ್ರಮಾಣಪತ್ರದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ.

1995ರ ಹಳೆಯ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ ಅನುಸೂಚಿಯಲ್ಲಿ ಅದು ಇದೆ. ಈ ಕಾಯ್ದೆ 2017ರ ಏಪ್ರಿಲ್‌ನಲ್ಲಿ ಜಾರಿಗೆ ಬಂದಿತು. ಇದರ 2ನೆಯ ಕಲಮಿನಲ್ಲಿ ಎರಡು ಬೇರೆ ಬೇರೆ ವ್ಯಾಖ್ಯೆಗಳಿವೆ: ಅಂಗವೈಕಲ್ಯವುಳ್ಳ ವ್ಯಕ್ತಿ ಒಂದು, ಅಂಗವೈಕಲ್ಯ ಶೇ. 40ಕ್ಕೆ ಕಡಿಮೆಯಿಲ್ಲವೆಂದು ಪ್ರಮಾಣಪತ್ರ ಪಡೆದ ವ್ಯಕ್ತಿ ಇನ್ನೊಂದು. 31ನೆಯ ಕಲಮಿನ ಉಚಿತ ಶಿಕ್ಷಣದಂಥ ಸೌಲಭ್ಯಗಳಿಗೆ ಎರಡನೆಯ ವ್ಯಾಖ್ಯೆ ಬೇಕು. ಆದರೆ ಸಮನ್ವಯ ಶಿಕ್ಷಣದ (ಎಲ್ಲ ಮಕ್ಕಳೂ ಒಟ್ಟಿಗೆ ಕಲಿಯುವ ವ್ಯವಸ್ಥೆಯ) 16ನೆಯ ಕಲಮು ಶೇಕಡಾವಾರಿನ ಮಾತೆತ್ತುವುದಿಲ್ಲ. ಸರ್ಕಾರದ ಅನುದಾನ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ಮಗುವಿನ ಅಗತ್ಯಕ್ಕೆ ತಕ್ಕ ಸೂಕ್ತ ಹೊಂದಾಣಿಕೆಗಳನ್ನು ಮಾಡಿಕೊಡುವಂತೆ ಸರ್ಕಾರವು ನೋಡಿಕೊಳ್ಳಲು ಯತ್ನಿಸಬೇಕು ಎಂಬುದು ಅದರ ತಾತ್ಪರ್ಯ. ನಿಮ್ಮದು ಅನುದಾನರಹಿತ ಶಾಲೆಯಾದರೂ ಮಾನ್ಯತೆ ಪಡೆದದ್ದಾದ್ದರಿಂದ ಇದರ ವ್ಯಾಪ್ತಿಗೆ ಬರುತ್ತದೆ. ವಾಕ್ಯರಚನೆ ಸರ್ಕಾರದ ಮೇಲೆ ಹೊಣೆ ಹೊರಿಸುವಂತಿದೆ, ಶಾಲೆಯನ್ನು ನೇರವಾಗಿ ಕಟ್ಟಿಹಾಕುವಷ್ಟು ಬಿಗಿಯಾಗಿಲ್ಲ ಎಂಬುದನ್ನೂ ತಿಳಿದಿರಬೇಕು. ಇಲ್ಲವಾದರೆ ಶಾಲೆಯ ವಕೀಲರು ಅದನ್ನು ನಿಮಗೆ ಓದಿ ಹೇಳುತ್ತಾರೆ. ಸಂಸ್ಥೆಗೆ ಮಿತಿಮೀರಿದ ಹೊರೆಯಾಗದ ಬದಲಾವಣೆಗಳೇ ಸೂಕ್ತ ಹೊಂದಾಣಿಕೆ ಎಂಬ ವ್ಯಾಖ್ಯೆಯೂ ಕಾಯ್ದೆಯಲ್ಲಿದೆ. ಮೇಲಿನ ಶಿಕ್ಷಕಿಯವರು ಹೇಳಿದ ಯಾವುದಕ್ಕೂ ಶಾಲೆಗೆ ಒಂದು ರೂಪಾಯಿಯ ಖರ್ಚೂ ಇಲ್ಲ.

ಇಷ್ಟಾದರೂ ಯುಡಿಐಡಿ ಕಾರ್ಡಿಗೆ (ಅಂಗವೈಕಲ್ಯವುಳ್ಳವರ ಗುರುತಿನ ಚೀಟಿಗೆ) ಅರ್ಜಿ ಹಾಕುವುದು ಒಳ್ಳೆಯದೆಂದೇ ನನ್ನ ಅಭಿಪ್ರಾಯ. ಮುಂದೆ ಬೋರ್ಡ್ ಪರೀಕ್ಷೆಯ ರಿಯಾಯಿತಿಗಳನ್ನು ಕೇಳುವಾಗ ದಾಖಲೆ ಬೇಕಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಪ್ರಮಾಣೀಕರಣಕ್ಕೆ ಬಳಸುವ ಐಎಸ್‌ಎಎ ಎಂಬ ಭಾರತೀಯ ಮಾಪನದಲ್ಲಿ 40 ಅಂಶಗಳಿವೆ, ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕ. ಒಟ್ಟು 70ಕ್ಕಿಂತ ಕಡಿಮೆಯಾದರೆ ಆಟಿಸಂ ಇಲ್ಲವೆಂದೂ, 70ರಿಂದ 106ರವರೆಗೆ ಸೌಮ್ಯವೆಂದೂ ಎಣಿಸಲಾಗುತ್ತದೆ. ಮಗುವನ್ನು ಗಮನಿಸುವುದರ ಜೊತೆಗೆ ಪೋಷಕರ ಹೇಳಿಕೆಯೂ ಇದಕ್ಕೆ ಆಧಾರ. ಅಪರಿಚಿತ ಕೊಠಡಿಯಲ್ಲಿ ನಿಮ್ಮ ಮಗಳು ಶಾಲೆಯಲ್ಲಿರುವಂತೆಯೇ ಮುದ್ದಾಗಿ ಕುಳಿತು ಉತ್ತರಿಸುತ್ತಾಳೆ, ಅಂಕ ಇಳಿಯುತ್ತದೆ. ಆದ್ದರಿಂದ ದಿನಚರಿಯ ಪುಸ್ತಕ, ಹಳೆಯ ವರದಿ, ಅವಳ ಮರ್ಯಾದೆಗೆ ಭಂಗ ಬಾರದಂಥ ಒಂದೆರಡು ವಿಡಿಯೊ ತೆಗೆದುಕೊಂಡು ಹೋಗಿ, ಮಗಳು ಕೇಳಿಸಿಕೊಳ್ಳದ ಹಾಗೆ ವೈದ್ಯರೊಡನೆ ಮಾತನಾಡಿ. ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ಮನೋವೈದ್ಯ ವಿಭಾಗ, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆರಡಕ್ಕೂ ಇಂಥ ಮಕ್ಕಳ ಪರಿಚಯ ಚೆನ್ನಾಗಿದೆ.

ಶಾಲೆಗೆ ಕೊಡುವ ಮನವಿ ಲಿಖಿತವಾಗಿರಲಿ, ಸ್ವೀಕೃತಿಯ ಸಹಿ ಪಡೆಯಿರಿ. ಉತ್ತರವೇ ಬಾರದಿದ್ದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ, ಅಲ್ಲಿಂದ ಮುಂದೆ ರಾಜ್ಯದ ಅಂಗವಿಕಲರ ಹಕ್ಕುಗಳ ಆಯುಕ್ತರಿಗೆ ದೂರು ಕೊಡುವ ದಾರಿಯಿದೆ.

ಉತ್ತರ: ಪ್ರಾಥಮಿಕ ಶಾಲಾ ಶಿಕ್ಷಕ (ಹಾಸನ)

ಮೇಲಿನ ಕಾನೂನಿನ ಮಾಹಿತಿ ಉಪಯುಕ್ತವೇ, ಆದರೆ ಅದನ್ನು ಮೊದಲ ಭೇಟಿಗೆ ಒಯ್ಯಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ಕಲಮಿನ ಸಂಖ್ಯೆಗಳಿರುವ ಪತ್ರ ಮೇಜಿನ ಮೇಲೆ ಬಂದ ಕ್ಷಣದಿಂದ ಆಡಳಿತ ಮಂಡಳಿ ಮಗುವನ್ನು ಮರೆತು ತನ್ನ ರಕ್ಷಣೆಯನ್ನು ಯೋಚಿಸತೊಡಗುತ್ತದೆ, ತರಗತಿಯ ಶಿಕ್ಷಕಿಯ ಬಾಯಿ ಕಟ್ಟುತ್ತದೆ. ನಿಮಗೆ ಬೇಕಾಗಿರುವವರು ಆಕೆ. ನಲವತ್ತಕ್ಕೂ ಹೆಚ್ಚು ಮಕ್ಕಳಿರುವ ಕೊಠಡಿಯಲ್ಲಿ ಗಲಾಟೆ ಮಾಡುವ ನಾಲ್ವರ ಕಡೆಗೇ ದಿನವೆಲ್ಲ ಕಣ್ಣಿರುತ್ತದೆ. ತೊಂದರೆ ಕೊಡದ ಮಗು ನಮಗೆ ಉಸಿರಾಡಲು ಸಿಗುವ ಜಾಗ. ಇದು ಸಮರ್ಥನೆಯಲ್ಲ, ಇರುವ ಸ್ಥಿತಿ.

ಪೋಷಕರ ಸಭೆಯ ದಿನ ಈ ಮಾತು ಎತ್ತಬೇಡಿ, ಹಿಂದೆ ಸಾಲು ನಿಂತಿರುತ್ತದೆ. ಶನಿವಾರ ಅರ್ಧ ದಿನದ ಶಾಲೆ ಮುಗಿದ ಮೇಲೆ ಸಮಯ ಕೇಳಿ. ವರದಿಯ ಹದಿನೈದು ಪುಟಗಳನ್ನು ಯಾರೂ ಓದುವುದಿಲ್ಲ. ಒಂದೇ ಹಾಳೆಯಲ್ಲಿ ಮಗಳಿಗೆ ಇಷ್ಟವಾದದ್ದು ಏನು, ಕಷ್ಟವಾದದ್ದು ಏನು, ಸುಸ್ತಾದಾಗ ಅವಳಲ್ಲಿ ಕಾಣುವ ಸೂಕ್ಷ್ಮ ಗುರುತುಗಳೇನು ಎಂಬುದನ್ನು ಬರೆದುಕೊಡಿ. ಕೋರಿಕೆಗಳು ಮೂರನ್ನು ಮೀರದಿರಲಿ. ನನ್ನ ಅನುಭವದಲ್ಲಿ ಹಾಜರಿ ಪುಸ್ತಕದಂಥ ಕೆಲಸ, ಊಟದ ಜಾಗ, ಮುಂಚಿತವಾಗಿ ತಿಳಿಸುವುದು ಇವು ಸುಲಭವಾಗಿ ನಡೆಯುತ್ತವೆ.

ಮನೆಗೆಲಸವನ್ನು ಅರ್ಧ ಮಾಡುವ ಸಲಹೆಯನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. ನಿಯಮಗಳನ್ನು ನೆಚ್ಚಿಕೊಂಡ ಮಗುವಿಗೆ ಎಲ್ಲರಿಗೂ ಇರುವ ಮನೆಗೆಲಸ ತನಗೆ ಮಾತ್ರ ಇಲ್ಲವೆಂದರೆ ಅದೇ ಹೊಸ ಆತಂಕವಾಗಬಹುದು. ಕಡಿಮೆ ಮಾಡಬೇಕೆ, ಬೆಳಿಗ್ಗೆ ಶಾಲೆಯಲ್ಲಿಯೇ ಮುಗಿಸಲು ಹತ್ತು ನಿಮಿಷ ಕೊಡಬೇಕೆ ಎಂದು ಅವಳನ್ನೇ ಕೇಳಿ, ಎರಡು ಆಯ್ಕೆಗಳನ್ನು ಹಾಳೆಯಲ್ಲಿ ಬರೆದು ಗುರುತು ಹಾಕಲು ಹೇಳಿ. ಮುಖ ನೋಡಿ ಕೇಳಿದರೆ ನಿಮಗೆ ಇಷ್ಟವಾಗುವ ಉತ್ತರವನ್ನೇ ಕೊಡುತ್ತಾಳೆ.

ನಿಮ್ಮ ಶಾಲೆಯಲ್ಲಿ ಇಂಗ್ಲಿಷಿನಲ್ಲಿಯೇ ಮಾತನಾಡಬೇಕೆಂಬ ನಿಯಮವಿದೆಯೆ? ಇದ್ದರೆ ಬಿಡುವಿನ ಹೊತ್ತಿಗಾದರೂ ಅವಳಿಗೆ ಅದರಿಂದ ವಿನಾಯಿತಿ ಕೇಳಿ. ಸರ್ಕಾರಿ ಶಾಲೆಯ ಪೋಷಕರು ಯಾರಾದರೂ ಇದನ್ನು ಓದುತ್ತಿದ್ದರೆ, ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ ಸಮಗ್ರ ಶಿಕ್ಷಣ ಯೋಜನೆಯಡಿ ವಿಶೇಷ ಅಗತ್ಯದ ಮಕ್ಕಳಿಗಾಗಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿರುತ್ತಾರೆ, ಅವರನ್ನು ಕರೆಸಿಕೊಳ್ಳಬಹುದು.

ಉತ್ತರ: ಕಡಲಕರೆಯವಳು (ಉಡುಪಿ)

ನನಗೆ ಆಟಿಸಂ ಇರುವುದು ತಿಳಿದದ್ದು ಕೆಲಸಕ್ಕೆ ಸೇರಿದ ಎಷ್ಟೋ ವರ್ಷಗಳ ನಂತರ. ಶಾಲೆಯಲ್ಲಿ ನನ್ನ ಬಗ್ಗೆಯೂ ಒಂದೇ ಒಂದು ದೂರು ಇರಲಿಲ್ಲ. ಆ ಹುಡುಗಿಯ ಪರವಾಗಿ ಒಂದೆರಡು ಮಾತು ಹೇಳಬೇಕೆನಿಸಿತು.

ಶಾಲೆಯವರಿಗೆ ಆಟಿಸಂ ಎಂದು ಒಮ್ಮೆ ತಿಳಿದ ಮೇಲೆ, ಕಣ್ಣಲ್ಲಿ ಕಣ್ಣಿಟ್ಟು ಮಾತನಾಡಿಸುವ, ಗುಂಪಿನಲ್ಲಿ ಬೆರೆಸುವ, ವೇದಿಕೆ ಹತ್ತಿಸಿ ಧೈರ್ಯ ತುಂಬುವ ಉತ್ಸಾಹ ಬರುವುದುಂಟು. ಕೆಲವು ಚಿಕಿತ್ಸಾ ಕೇಂದ್ರಗಳಲ್ಲಿಯೂ ಗುರಿ ಅದೇ ಆಗಿರುತ್ತದೆ. ಮರೆಮಾಚುವುದನ್ನು ಈಗಾಗಲೇ ಚೆನ್ನಾಗಿ ಕಲಿತಿರುವ ಮಗುವಿಗೆ ಅದನ್ನೇ ಇನ್ನಷ್ಟು ಕಲಿಸಿದಂತಾಗುತ್ತದೆ ಅಷ್ಟೇ. ಅವಳ ನೆರವಿನ ಯೋಜನೆಯಲ್ಲಿ ‘ಎಲ್ಲರಂತೆ ಕಾಣಿಸಬೇಕು’ ಎಂಬರ್ಥದ ಗುರಿ ಒಂದಿದ್ದರೂ ಅದನ್ನು ತೆಗೆಸಿಬಿಡಿ. ಈ ಮರೆಮಾಚುವಿಕೆಯನ್ನು ಅಳೆಯಲು 2018ರಲ್ಲಿ ಪ್ರಕಟವಾದ ಕ್ಯಾಟ್-ಕ್ಯು ಎಂಬ 25 ಪ್ರಶ್ನೆಗಳ ಪ್ರಶ್ನಾವಳಿ ರೂಪುಗೊಂಡದ್ದು ವಯಸ್ಕರಿಗಾಗಿ, ಉತ್ತರಿಸುವವರೂ ಅವರೇ. ಏಳು ವರ್ಷದ ಮಗು ತಾನು ಏನು ಮಾಡುತ್ತಿದ್ದೇನೆಂದು ಹಾಗೆ ವಿವರಿಸಲಾರದು. ಶಾಲೆಯಲ್ಲಿ ಏನಾಯಿತು ಎಂದು ಅವಳನ್ನು ಕೆದಕಿ ಕೇಳಿ ಉತ್ತರ ಬಾರದಿದ್ದರೆ, ಏನೂ ಆಗಿಲ್ಲವೆಂದು ತೀರ್ಮಾನಿಸಬೇಡಿ.

ಸಂಜೆಯ ಮಂಚದ ಕೆಳಗಿನ ಆ ಹೊತ್ತನ್ನು ಅವಳಿಂದ ಕಿತ್ತುಕೊಳ್ಳಬೇಡಿ. ಬೇಕಿದ್ದರೆ ಅಲ್ಲಿಯೇ ಒಂದು ಚಾಪೆ, ತಿನ್ನಲು ಚಕ್ಕುಲಿಯೋ ಮಂಡಕ್ಕಿಯೋ, ಕುಡಿಯಲು ನೀರು ಇಟ್ಟು, ತಮ್ಮನನ್ನು ಆ ಕೋಣೆಯಿಂದ ದೂರವಿಡಿ. ಟ್ಯೂಷನ್, ಭರತನಾಟ್ಯ, ಅಬಾಕಸ್ ಯಾವುದಾದರೂ ಸಂಜೆಗೆ ಇಟ್ಟಿದ್ದರೆ ಈ ವರ್ಷ ನಿಲ್ಲಿಸಿ. ಅತ್ತೆಯವರ ವಿಚಾರದಲ್ಲಿ ನನ್ನ ಬಳಿ ಸಲಹೆಯಿಲ್ಲ. ನಮ್ಮ ಮನೆಯಲ್ಲಿ ಇನ್ನೂ ಇದನ್ನು ಹಠವೆಂದೇ ಕರೆಯುತ್ತಾರೆ.

ತುಂಗಾತೀರ (ಶಿವಮೊಗ್ಗ)

ಎಲ್ಲರಿಗೂ ಧನ್ಯವಾದಗಳು. ಮುಂದಿನ ಶನಿವಾರ ಸಮಯ ಕೇಳಿದ್ದೇನೆ. ಹಾಜರಿ ಪುಸ್ತಕ, ಊಟದ ಜಾಗ, ಡೈರಿಯ ಸಾಲು ಈ ಮೂರನ್ನೇ ಕೇಳುತ್ತೇನೆ. ಶೌಚಾಲಯದ ವಿಚಾರವನ್ನು ನಾಲ್ಕನೆಯದಾಗಿ ಸೇರಿಸಲೆ, ಬೇಡವೆ? ಬೆಳಿಗ್ಗೆ ಏಳೂವರೆಗೆ ಮನೆ ಬಿಟ್ಟವಳು ಸಂಜೆ ನಾಲ್ಕರ ನಂತರವೇ ಹೋಗುವುದು. ಅಲ್ಲಿಗೆ ಹೋಗಬೇಕಾದೀತೆಂದೇ ನೀರು ಕುಡಿಯುವುದಿಲ್ಲವೇನೋ ಎಂಬ ಅನುಮಾನ ನನಗಿದೆ.

ಉತ್ತರ: ವಿಶೇಷ ಶಿಕ್ಷಕಿ (ಮೈಸೂರು)

ಸೇರಿಸಿ, ನಾಲ್ಕನೆಯದಾಗಿ ಅಲ್ಲ, ಮೊದಲನೆಯದಾಗಿ. ಅಷ್ಟು ಹೊತ್ತು ತಡೆದುಕೊಂಡು, ನೀರನ್ನೂ ಬಿಟ್ಟರೆ ಮೂತ್ರದ ಸೋಂಕು, ಮಲಬದ್ಧತೆ ಎರಡಕ್ಕೂ ದಾರಿಯಾಗುತ್ತದೆ. ಭಾನುವಾರದ ಹೊಟ್ಟೆನೋವಿಗೆ ಆತಂಕವೊಂದೇ ಕಾರಣವೆಂದು ನಾವೇ ನಿರ್ಧರಿಸದೆ, ಈ ವಾರವೇ ಮಕ್ಕಳ ವೈದ್ಯರಿಗೆ ತೋರಿಸಿ ಮೂತ್ರ ಪರೀಕ್ಷೆ ಮಾಡಿಸಿ. ಶಾಲೆಯೂ ಈ ಕೋರಿಕೆಯನ್ನು ಬೇಗ ಒಪ್ಪುತ್ತದೆ, ಏಕೆಂದರೆ ಇದು ಆರೋಗ್ಯದ ಮಾತು, ಇದಕ್ಕೆ ಆಟಿಸಂ ಬಗ್ಗೆ ಯಾರನ್ನೂ ನಂಬಿಸಬೇಕಾಗಿಲ್ಲ.

ಮಕ್ಕಳಿಲ್ಲದ ಹೊತ್ತಿನಲ್ಲಿ ಅವಳ ಜೊತೆ ಆ ಶೌಚಾಲಯಕ್ಕೆ ಒಮ್ಮೆ ಹೋಗಿ ಬರಲು ಅನುಮತಿ ಕೇಳಿ. ಫಿನಾಯಿಲ್ ವಾಸನೆಯೋ, ಒದ್ದೆ ನೆಲವೋ, ಸರಿಯಾಗಿ ಕೂರದ ಚಿಲಕವೋ, ಹೊರಗೆ ಕಾಯುವ ಹುಡುಗಿಯರು ಬಾಗಿಲು ಬಡಿಯುವುದೋ, ಯಾವುದು ತಡೆಯುತ್ತಿದೆ ಎಂಬುದು ಅಲ್ಲಿ ನಿಂತಾಗಲೇ ತಿಳಿಯುತ್ತದೆ. ಬಿಡುವಿನ ಗಂಟೆಗೆ ಐದು ನಿಮಿಷ ಮೊದಲು, ಶೌಚಾಲಯ ಖಾಲಿ ಇರುವಾಗ ಆಯಾ ಅವರೇ ಬಂದು ಅವಳನ್ನು ಕರೆದೊಯ್ಯಲಿ; ಅವಳು ಕೈಯೆತ್ತಿ ಕೇಳುವಂತಾಗಬಾರದು. ಹಾಜರಿ ಪುಸ್ತಕದ ಕೆಲಸವನ್ನು ಅದೇ ಹೊತ್ತಿಗೆ ಇಟ್ಟುಕೊಂಡರೆ ಎರಡೂ ಒಟ್ಟಿಗೆ ಆಗುತ್ತವೆ, ಕೋರಿಕೆಗಳ ಲೆಕ್ಕವೂ ಮೂರರಲ್ಲಿಯೇ ಉಳಿಯುತ್ತದೆ.